ಎರಡನೇ ಸಲ ಕೇಳಿದಾಗ

ದಾನೇಶ್ವರಿಯನ್ನ ಕೆಟ್ಟೋಳು ಅಂತ ಯಾರಾದ್ರೂ ನನ್ನೆದುರು ಅಂದ್ರೆ ನಾನು ಸುಮ್ನೆ ಬಿಡೋಳಲ್ಲ. ಸುಳ್ಳು ಬರೆದ್ಲು, ಹೌದು. ಆ ಸುಳ್ಳನ್ನ ಕಂಪ್ಯೂಟರಿಗೆ ಹತ್ತಿಸಿದೋಳು ನಾನು. ಬೈಯೋದಾದ್ರೆ ನನ್ನಿಂದ ಶುರು ಮಾಡಿ, ಆಮೇಲೆ ಅವಳ ಹತ್ರ ಹೋಗಿ.

ನಾನು ರುಕ್ಮಿಣಿ. ಮೈಸೂರಲ್ಲಿ ಹುಟ್ಟಿ, ಮದುವೆಯಾಗಿ ಡೊಂಬಿವಲಿಗೆ ಬಂದು ಬಿದ್ದೋಳು. ಬೇಲಾಪುರದಲ್ಲಿ ಮನಃಶಾಸ್ತ್ರದ ಒಂದು ಸಂಶೋಧನಾ ಸಂಸ್ಥೆ, ಅದರಲ್ಲಿ ಡೇಟಾ ಎಂಟ್ರಿ ನನ್ನ ಕೆಲಸ. ಹೆಸರು ಜೋರಾಗಿದೆ, ಮಾಡೋದು ಮಾತ್ರ ಫಾರಂ ನೋಡಿ ನಂಬರ್ ಕುಟ್ಟೋದು. ದಿನಾ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಕ್ಕೆ ನುಗ್ಗಿ, ಥಾಣೆಯಲ್ಲಿ ಇಳಿದು ನವಿ ಮುಂಬೈ ಕಡೆಯ ಗಾಡಿ ಹಿಡಿದು, ಆಫೀಸು ಸೇರೋ ಹೊತ್ತಿಗೆ ಸೀರೆ ನೆರಿಗೆ ಯಾವ ಕಡೆ ಇದೆ ಅಂತ ಹುಡುಕಬೇಕಾಗ್ತಿತ್ತು.

ಎರಡು ಸಾವಿರದ ಆರರಲ್ಲಿ ವಸಂತಕುಮಾರ ಸರ್ ಬೆಂಗಳೂರಿಂದ ಬಂದ್ರು. ಒಳ್ಳೇ ಮನುಷ್ಯ, ಆದ್ರೆ ಮಾತಲ್ಲಿ ಖಾರ. ಇಲ್ಲಿ ಕಟ್ಟಡ ಕೆಲಸಕ್ಕೆ, ಹಮಾಲಿಗೆ, ಕಾರ್ಖಾನೆಗೆ ಅಂತ ಬಂದ ನಮ್ಮ ಕಡೆ ಜನರ ಮನಸ್ಸು ಹೇಗಿದೆ ಅಂತ ಅಳೆಯೋಕೆ ಕನ್ನಡದಲ್ಲೇ ಒಂದು ಪ್ರಶ್ನಾವಳಿ ಆಗಬೇಕು ಅನ್ನೋದು ಅವರ ಆಸೆ. ಇಪ್ಪತ್ತು ವಾಕ್ಯ ಬರೆದ್ರು. ‘ರಾತ್ರಿ ನಿದ್ದೆ ಹತ್ತುವುದಿಲ್ಲ.’ ‘ಊಟ ರುಚಿಸುವುದಿಲ್ಲ.’ ‘ನಾನು ಯಾರಿಗೂ ಬೇಡವಾಗಿದ್ದೇನೆ ಅನ್ನಿಸುತ್ತದೆ.’ ಹೀಗೆ. ಎಂದೂ ಇಲ್ಲ ಅಂದ್ರೆ ಸೊನ್ನೆ, ಆಗಾಗ ಅಂದ್ರೆ ಒಂದು, ಬಹಳ ಸಲ ಅಂದ್ರೆ ಎರಡು, ಯಾವಾಗಲೂ ಅಂದ್ರೆ ಮೂರು. ಕೂಡಿಸಿದಾಗ ಇಪ್ಪತ್ತು ದಾಟಿದ್ರೆ ಆ ಮನುಷ್ಯನ ಮನಸ್ಸಿಗೆ ಭಾರ ಹೆಚ್ಚಾಗಿದೆ, ನೋಡ್ಕೋಬೇಕು ಅಂತ ಅರ್ಥ.

ಇದನ್ನ ಒಬ್ಬೊಬ್ಬರಿಗೂ ಎರಡು ಸಲ ಕೇಳಬೇಕಿತ್ತು, ಮಧ್ಯೆ ಎರಡು ವಾರ ಬಿಟ್ಟು. ‘ತಕ್ಕಡಿ ಸರಿಯಿದ್ಯಾ ಅಂತ ನೋಡೋಕೆ ಅದೇ ಸಾಮಾನನ್ನ ಎರಡು ಸಲ ತೂಗ್ತೀವಲ್ಲ, ಹಾಗೆ,’ ಅಂತ ಸರ್ ಹೇಳಿದ್ರು. ಎರಡು ಸಲವೂ ಹತ್ತಿರ ಹತ್ತಿರದ ಅಂಕ ಬಂದ್ರೆ ಪ್ರಶ್ನಾವಳಿ ನಂಬಬಹುದು.

ಕೇಳೋಕೆ ಕನ್ನಡ ಓದೋಕೆ ಬರೋರು ಬೇಕಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಅಂದ್ರೆ ಅಜ್ಜಿ ಫೋನ್ ಮಾಡಿದಾಗ ಮಾತ್ರ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ದಾನೇಶ್ವರಿ. ಇಪ್ಪತ್ತೆರಡು ವರ್ಷ, ಕಡ್ಡಿ ಥರ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ.

‘ಯಾವ ಊರೇ ನಿಂದು?’ ಅಂದೆ.

‘ಕಲ್ಯಾಣ್ ರೀ.’

‘ಅಯ್ಯೋ ಅದಲ್ಲಮ್ಮ, ಊರು, ಊರು.’

‘ಹಂಗಂದ್ರ ಇಂಡಿ ತಾಲೂಕ್ ರೀ ಅಕ್ಕೋರೆ. ನಾಕನೇ ಇಯತ್ತೆ ತನಕ ಆಯಿ ಕಡೆ ಇದ್ದೆ, ಆಗ ಕನ್ನಡ ಸಾಲಿ ಕಲ್ತೀನಿ.’

ಇಯತ್ತೆ ಅಂದ್ರೆ ಕ್ಲಾಸು, ಆಯಿ ಅಂದ್ರೆ ಅಜ್ಜಿ. ಅಪ್ಪ ಕಲ್ಯಾಣದ ಮಾರ್ಕೆಟಲ್ಲಿ ಮೂಟೆ ಹೊರ್ತಿದ್ದೋನು, ತೀರಿಹೋಗಿದ್ದ. ಮನೇಲಿ ತಾಯಿ ಚಂದವ್ವ, ಶಾಲೆಗೆ ಹೋಗೋ ತಮ್ಮ ಭೀಮು. ಈ ಕೆಲಸವೇ ಆ ಮನೆಯ ಒಲೆ. ಸರ್ ಮುಂದೆ ಇಪ್ಪತ್ತು ವಾಕ್ಯವನ್ನೂ ಗಡಗಡ ಓದಿ ತೋರಿಸಿ ಕೆಲಸ ಹಿಡಿದ್ಲು.

ಮೊದಲನೇ ಸುತ್ತು ಚೆನ್ನಾಗಿ ಆಯ್ತು. ಮಾಜಿವಾಡಾದ ಹತ್ರ ಎದ್ದೇಳ್ತಿದ್ದ ಟವರ್ ಕಟ್ಟಡಗಳು, ಘನ್ಸೋಲಿ ಕಡೆಯ ಸೈಟುಗಳು, ಎಲ್ಲಾ ಕಡೆ ತಿರುಗಿದ್ಲು. ಅವಳ ಫಾರಂ ನನ್ನ ಟೇಬಲ್ ಮೇಲೆ ಬಿದ್ದರೆ ಸಿಮೆಂಟಿನ ಪುಡಿ ಉದುರ್ತಿತ್ತು. ಚಹಾದ ಕಲೆ, ಹೆಬ್ಬೆಟ್ಟಿನ ಮಸಿ. ಅಂಕ ಮಾತ್ರ ಎಲ್ಲರದ್ದೂ ಕಮ್ಮಿ: ಐದು, ಏಳು, ಮೂರು. ‘ಏನೇ ಇದು, ಬಿಸಿಲಲ್ಲಿ ಇಟ್ಟಿಗೆ ಹೊರೋರೆಲ್ಲ ಇಷ್ಟು ಸುಖವಾಗಿದಾರಾ?’ ಅಂತ ಕೇಳಿದೆ. ‘ಮುಕಾದಮ ಬಾಜೂಕ್ಕ ನಿಂತಿರ್ತಾನ್ರೀ,’ ಅಂದ್ಲು. ಊರಿಂದ ಇವರನ್ನೆಲ್ಲ ಕರ್ಕೊಂಡು ಬಂದು ಕೆಲಸಕ್ಕೆ ಹಚ್ಚಿದೋನು ಅವನು. ‘ಅವನ ಮುಂದ ನಿದ್ದಿ ಬರಂಗಿಲ್ಲ ಅಂತ ಯಾರ್ ಅಂತಾರ? ಎಲ್ಲಾರೂ ಟೀಕ್ ಐತಿ, ಟೀಕ್ ಐತಿ ಅಂತಾರ.’

ಎಡವಟ್ಟಾಗಿದ್ದು ಎರಡನೇ ಸುತ್ತಲ್ಲಿ. ಎರಡು ವಾರ ಬಿಟ್ಟು ಹೋದ್ರೆ ಜನ ಎಲ್ಲಿ? ಒಂದು ಕಡೆ ಸ್ಲ್ಯಾಬ್ ಹಾಕಿ ಮುಗಿದ ಕೂಡ್ಲೆ ಇಡೀ ಗುಂಪು ತಗಡು, ಪಾತ್ರೆ, ಮಕ್ಕಳನ್ನೆಲ್ಲ ಟೆಂಪೋಗೆ ಹಾಕ್ಕೊಂಡು ಬೇರೆ ಕಡೆ ಹೋಗಿರುತ್ತೆ. ಎಲ್ಲಿಗೆ ಅಂತ ವಾಚ್‌ಮನ್‌ಗೂ ಗೊತ್ತಿರಲ್ಲ. ಅಲೆದೂ ಅಲೆದೂ ಹನ್ನೊಂದು ಜನರನ್ನ ಹಿಡಿದ್ಲು ಪಾಪ. ಅವರಲ್ಲಿ ಚಂದ್ರಬಾಯಿ ಅನ್ನೋ ಹೆಂಗಸು ಕಲ್ಯಾಣದ ಒಂದು ಸೈಟಲ್ಲಿ, ನಲ್ಲಿ ಹತ್ರ ಒಬ್ಬಳೇ ಸಿಕ್ಕಳಂತೆ. ಮೊದಲನೇ ಸಲ ಅವಳ ಅಂಕ ನಾಲ್ಕು. ಈ ಸಲ ಮುಕಾದಮ ಇರಲಿಲ್ಲ. ದಾನೇಶ್ವರಿ ಒಂದೊಂದೇ ವಾಕ್ಯ ಓದಿದ ಹಾಗೆ ಚಂದ್ರಬಾಯಿ ಕೊಡ ಕೆಳಗಿಟ್ಟು, ಅವಳ ಕೈ ಹಿಡ್ಕೊಂಡು, ‘ಯಾವಾಗ್ಲೂ ನನ್ನವ್ವ, ಯಾವಾಗ್ಲೂ’ ಅಂತ ಅತ್ತಳಂತೆ. ನಲವತ್ತೇಳು ಬಂತು.

ಆ ಹನ್ನೊಂದು ಫಾರಂ ಸರ್ ಟೇಬಲ್ಲಿಗೆ ಹೋಯ್ತು. ಸರ್ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕಿ, ಎಲ್ಲರೂ ಇರೋವಾಗಲೇ ಎತ್ತಿ ತೋರಿಸಿದ್ರು. ‘ನಾಲ್ಕು ಇದ್ದಿದ್ದು ಹದಿನೈದು ದಿನದಲ್ಲಿ ನಲವತ್ತೇಳು ಆಗುತ್ತೇನಮ್ಮ? ತಾಳೆ ಆಗ್ಬೇಡ್ವಾ? ಕೇಳೋಕೆ ಬರದೇ ಇದ್ರೆ ಹೇಳ್ಬಿಡು, ಬೇರೆಯೋರನ್ನ ನೋಡ್ತೀನಿ.’

‘ಸರ್, ಮೊದಲನೇದು ಸುಳ್ಳು, ಇದು ನಿಜ’ ಅಂತ ಹುಡುಗಿ ಒಂದು ಮಾತು ಅಂದಿದ್ರೆ ಮುಗೀತಿತ್ತು. ಆದ್ರೆ ನಾಲ್ಕನೇ ಕ್ಲಾಸಿಂದ ನಮ್ಮೆಲ್ಲರಿಗೂ ಹೇಳಿಕೊಟ್ಟಿರೋದು ಏನು? ಲೆಕ್ಕ ತಾಳೆ ಆಗಲಿಲ್ಲ ಅಂದ್ರೆ ಮಾಡಿದೋರ ತಪ್ಪು. ತನ್ನದೇ ತಪ್ಪು ಅಂದ್ಕೊಂಡ್ಲು ಅವಳು.

ಮುಂದಿನ ವಾರದಿಂದ ಎರಡನೇ ಸುತ್ತಿನ ಫಾರಂಗಳು ಸಾಲಾಗಿ ಬಂದ್ವು. ನೂರಾ ಎಂಬತ್ತು, ಆ ಹನ್ನೊಂದು ಜನರದ್ದೂ ಹೊಸದಾಗಿ ಬರೆದು ಸೇರಿಸಿ. ಎಲ್ಲವೂ ತಾಳೆ. ಪಕ್ಕಾ ಒಂದೇ ಥರ ಇದ್ರೆ ಅನುಮಾನ ಬರುತ್ತೆ ಅಂತ ಅಲ್ಲೊಂದು ಇಲ್ಲೊಂದು ಬದಲಿಸಿದ್ದು ಬೇರೆ. ನಾನು ಒಂದೊಂದಾಗಿ ತೆಗೆದು ಕುಟ್ಟುತ್ತಾ ಹೋದೆ. ಸಿಮೆಂಟಿನ ಪುಡಿ ಇಲ್ಲ. ಚಹಾದ ಕಲೆ ಇಲ್ಲ. ಒಂದು ಫಾರಂನಲ್ಲಿ ಅರಿಸಿನದ ಬೆರಳಚ್ಚು ಇತ್ತು. ಅಡುಗೆಮನೆಯಲ್ಲಿ ಕೂತು ಬರೆದಿದಾಳೆ ಅಂತ ನನಗೆ ಅಲ್ಲೇ ಗೊತ್ತಾಯ್ತು. ಕೇಳಬೇಕಿತ್ತು. ಕೇಳಲಿಲ್ಲ. ಯಾವನಿಗೆ ಬೇಕು, ಐದೂ ನಲವತ್ತರ ಗಾಡಿ ತಪ್ಪುತ್ತೆ ಅಂತ ಸುಮ್ಮನಾದೆ. ಇವತ್ತಿಗೂ ಅದು ನೆನಪಾದ್ರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ.

ಅಂಕಿ ಅಂಶ ನೋಡಿ ಸರ್ ಕುಣಿದಾಡಿದ್ರು. ಪ್ರಶ್ನಾವಳಿ ಪಾಸ್. ಎಲ್ಲೆಲ್ಲೋ ಭಾಷಣ, ಪ್ರಬಂಧ, ಶಾಲು. ಸಂಸ್ಥೆಗೆ ಅವರೇ ಡೈರೆಕ್ಟರ್ ಆದ್ರು. ದಾನೇಶ್ವರಿಗೆ ಪರ್ಮನೆಂಟ್ ಕೆಲಸ, ಆಮೇಲೆ ಸೂಪರ್‌ವೈಸರ್. ಹೊಸದಾಗಿ ಬಂದ ಹುಡುಗಿಯರಿಗೆ ಹೇಗೆ ಕೇಳಬೇಕು ಅಂತ ಕಲಿಸೋಳೂ ಅವಳೇ. ಹೊಗಳಿದಷ್ಟೂ ಕುಗ್ಗಿಹೋಗ್ತಿದ್ಲು. ಎಷ್ಟೋ ಸಲ ಗಾಡಿಯಲ್ಲಿ, ‘ಅಕ್ಕೋರೆ, ಆ ಚಂದ್ರಬಾಯಿ ಈಗ ಎಲ್ಲಿ ಅದಾಳೋ ಏನೋ,’ ಅಂತಿದ್ಲು. ನಾನು ಕಿಟಕಿ ಕಡೆ ಮುಖ ತಿರುಗಿಸ್ತಿದ್ದೆ.

ಒಂಬತ್ತು ವರ್ಷ ಹೀಗೇ ಕಳೀತು. ಭೀಮು ಬೆಳೆದು, ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಒಂದು ಬಣ್ಣದ ಕಾರ್ಖಾನೆ ಸೇರಿದ. ದೊಡ್ಡ ದೊಡ್ಡ ಟ್ಯಾಂಕುಗಳ ಒಳಗೆ ಇಳಿದು ತೊಳೆಯೋ ಕೆಲಸ. ಚಂದವ್ವನಿಗೆ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದು ನಡೀತಿದ್ದಿದ್ದು ಭೀಮುವಿನ ಇಎಸ್‌ಐ ಕಾರ್ಡಿನ ಮೇಲೆ, ಕಾರ್ಮಿಕರ ವಿಮೆ ಅದು; ನಮ್ಮ ಸಂಸ್ಥೆಯಲ್ಲಿ ಅಂಥದ್ದಿಲ್ಲ. ಕೆಲಸ ಬಿಟ್ರೆ ಕಾರ್ಡೂ ಇಲ್ಲ, ತಾಯಿಯೂ ಇಲ್ಲ. ಅಷ್ಟೇ ಲೆಕ್ಕ.

ಎರಡು ಸಾವಿರದ ಹದಿನೈದರ ಮಳೆಗಾಲದಲ್ಲಿ ಅವನ ಜೊತೆಯ ಮುಂಡಪ್ಪ ಅನ್ನೋನು ಟ್ಯಾಂಕಿನೊಳಗೆ ಆವಿಗೆ ತಲೆ ತಿರುಗಿ ಬಿದ್ದ. ಹಗ್ಗ ಹಾಕಿ ಎಳೆದವನು ಭೀಮು. ಮುಂಡಪ್ಪ ಉಳೀಲಿಲ್ಲ. ಅವತ್ತಿಂದ ಭೀಮು ಮನೇಲಿ ಮಾತು ನಿಲ್ಲಿಸಿದ. ಸ್ನಾನಕ್ಕೆ ಕೂತ್ರೆ ತಲೆ ಮೇಲೆ ನೀರು ಹೊಯ್ಕೊಳ್ಳಲ್ಲ. ಮನೆ ಬಾಗಿಲು ಮುಚ್ಚೋಕೆ ಬಿಡಲ್ಲ. ಟ್ಯಾಂಕಿನ ಏಣಿ ಹಿಡಿದ್ರೆ ಕೈ ಗಡಗಡ ನಡುಗುತ್ತೆ ಅಂತ ಜೊತೆಯೋರು ಬಂದು ಹೇಳಿದ್ರು. ‘ಇವತ್ತಲ್ಲ ನಾಳೆ ಕೈ ತಪ್ಪಿ ಬೀಳ್ತಾನ್ರೀ, ನನಗ ಗೊತ್ತೈತಿ,’ ಅಂತ ದಾನೇಶ್ವರಿ ನನ್ನ ಮುಂದೆ ಅತ್ಲು.

ದಾರಿ ಒಂದಿತ್ತು. ಆ ಸಾವಾದ ಮೇಲೆ ಕಾರ್ಖಾನೆಯೋರು ಎಲ್ಲರ ಮನಸ್ಸಿನ ತಪಾಸಣೆ ಮಾಡಿಸಿದ್ರು. ಇಪ್ಪತ್ತು ದಾಟಿದೋರನ್ನ ಅದೇ ಸಂಬಳಕ್ಕೆ ಪ್ಯಾಕಿಂಗ್ ವಿಭಾಗಕ್ಕೆ ಹಾಕ್ತಾರೆ ಅಂತ ನಿಯಮ. ಯಾವ ಪ್ರಶ್ನಾವಳಿ ಅಂತೀರಾ? ನಮ್ಮದೇ. ಆ ಇಪ್ಪತ್ತು ವಾಕ್ಯ. ಪಾಳಿಯ ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ನಂತೆ, ಕನ್ನಡ ಬರೋ ಒಬ್ಬ ಆಫೀಸರ್ ಓದಿ ಓದಿ ಗುರುತು ಹಾಕಿದ್ನಂತೆ. ಭೀಮು ಎರಡಕ್ಕೆ ಮಾತ್ರ ‘ಯಾವಾಗಲೂ’ ಅಂದಿದ್ದ: ಬೆನ್ನು ನೋಯುತ್ತೆ, ಸುಸ್ತಾಗುತ್ತೆ. ಗಂಡಸರು ಬಾಯಿಬಿಟ್ಟು ಹೇಳಬಹುದಾದ ನೋವು ಅವೆರಡೇ ತಾನೆ? ಮಿಕ್ಕಿದ್ದಕ್ಕೆಲ್ಲ ಸೊನ್ನೆ. ಒಟ್ಟು ಆರು. ಫಿಟ್ ಅಂತ ಬರೆದ್ರು.

ದಾನೇಶ್ವರಿ ಕಾರ್ಖಾನೆಗೆ ಅರ್ಜಿ ಹಾಕಿದ್ಲು, ನನ್ನ ತಮ್ಮನನ್ನ ಇನ್ನೊಂದು ಸಲ ಕೇಳಿ ಅಂತ. ಕಾರ್ಖಾನೆಯೋರು ಅದನ್ನ ನಮ್ಮ ಸಂಸ್ಥೆಗೆ ಕಳಿಸಿದ್ರು. ಅಂಥ ಕಾಗದಗಳು ಬರೋದು ಯಾರ ಟೇಬಲ್ಲಿಗೆ? ಸೂಪರ್‌ವೈಸರ್ ಟೇಬಲ್ಲಿಗೆ. ತಾನು ಬರೆದ ಅರ್ಜಿ ತನ್ನ ಮುಂದೇನೇ ಬಂದು ಕೂತಿತ್ತು. ಉತ್ತರವೂ ಮೊದಲೇ ಟೈಪ್ ಮಾಡಿಟ್ಟಿದ್ದು, ಹೆಸರು ತುಂಬಿ ಕಳಿಸೋದಷ್ಟೇ: ‘ಎರಡು ವಾರಗಳ ನಂತರ ಕೇಳಿದರೂ ಉತ್ತರಗಳು ಬದಲಾಗುವುದಿಲ್ಲವೆಂದು ನಮ್ಮ ಅಧ್ಯಯನದಿಂದ ದೃಢಪಟ್ಟಿದೆ. ಆದ್ದರಿಂದ ಮರುಪರೀಕ್ಷೆಯ ಅಗತ್ಯವಿಲ್ಲ.’

ಆ ಅಧ್ಯಯನ ಅಂದ್ರೆ ಅರಿಸಿನದ ಬೆರಳಚ್ಚಿನ ಅಧ್ಯಯನ. ನಾನು ಅವಳ ಬೆನ್ನ ಹಿಂದೆ ನಿಂತು ಓದಿದೆ.

ಆಗ ಆಫೀಸಲ್ಲಿ ಪ್ರಕೃತಿ ಅಂತ ಒಬ್ಬಳು ಹೊಸ ಸಂಶೋಧಕಿ ಬಂದಿದ್ಲು. ಬೆಂಗಳೂರಿನ ಹುಡುಗಿ, ಬುದ್ಧಿ ಚುರುಕು. ಹಳೇ ಪ್ರಶ್ನಾವಳಿಗಳು ನಿಜವಾಗ್ಲೂ ಅಳೆಯಬೇಕಾದ್ದನ್ನೇ ಅಳೀತಾವಾ ಅಂತ ಪರೀಕ್ಷೆ ಮಾಡೋದೇ ಅವಳ ಕೆಲಸ. ‘ಆಂಟಿ, ಈ ಎರಡನೇ ಸುತ್ತು ಅತಿಯಾಗಿ ಚೆನ್ನಾಗಿದೆ. ಮನುಷ್ಯರು ಇಷ್ಟು ನೇರ ಇರಲ್ಲ,’ ಅಂತ ಒಂದ್ಸಲ ನನ್ನ ಹತ್ರ ಅಂದಿದ್ಲು. ಆ ಅರ್ಜಿ ಬಂದ ದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ದಾನೇಶ್ವರಿ ಡಬ್ಬಿ ಮುಚ್ಚಿಟ್ಟು ಅವಳ ಎದುರು ಹೋಗಿ ಕೂತ್ಲು. ಒಂದನ್ನೂ ಬಿಡದೆ ಹೇಳಿದ್ಲು. ಮುಕಾದಮ, ನಲ್ಲಿ, ಚಂದ್ರಬಾಯಿ, ಕೆಂಪು ಪೆನ್ಸಿಲು, ಭಾನುವಾರ ಭಾನುವಾರ ಅಡುಗೆಮನೇಲಿ ಕೂತು ತುಂಬಿದ್ದು. ನಾನೂ ಪಕ್ಕದಲ್ಲಿ ನಿಂತು, ‘ನನಗೂ ಗೊತ್ತಿತ್ತು ಕಣಮ್ಮ,’ ಅಂದೆ.

ಪ್ರಕೃತಿ ಬೈಯಲಿಲ್ಲ. ‘ಆ ಹನ್ನೊಂದೇ ನಿಜವಾದ ಫಲಿತಾಂಶ ಆಗಿತ್ತು ದಾನೇಶ್ವರಿ ಅವರೇ. ಅದನ್ನೇ ಅಳಿಸಿಬಿಟ್ರಲ್ಲ,’ ಅಂದ್ಲು ಅಷ್ಟೇ. ಮೂರು ಜನವೂ ಸರ್ ಕೋಣೆಗೆ ಹೋದ್ವಿ.

ಕೆಂಪು ಪೆನ್ಸಿಲು ಸರ್‌ಗೆ ನೆನಪೇ ಇರಲಿಲ್ಲ. ಆಮೇಲೆ ಅಂದ್ರು, ‘ಅವತ್ತು ಸುಳ್ಳು ಬರೆದೆ ಅಂತ ಇವತ್ತು ಹೇಳ್ತಿದೀಯ. ಇವತ್ತು ನಿನ್ನ ತಮ್ಮನ ವಿಷಯ ಇದೆ. ಇವತ್ತಿನದು ಸುಳ್ಳಲ್ಲ ಅಂತ ನಾನು ಹೇಗೆ ನಂಬಲಿ?’ ಸಿಟ್ಟು ಬಂತು ನನಗೆ. ಕೊನೆಗೆ ಅವರೇ ಒಂದು ದಾರಿ ಹೇಳಿದ್ರು. ಪ್ರಕೃತಿ ಒಬ್ಬಳೇ ಭೀಮುವಿನ ಮನೆಗೆ ಹೋಗಿ, ಯಾರೂ ಇಲ್ಲದಾಗ, ಅದೇ ಇಪ್ಪತ್ತು ವಾಕ್ಯ ಕೇಳಲಿ. ಅಂಕ ಬೇರೆ ಬಂದ್ರೆ ಪ್ರಶ್ನಾವಳಿಯನ್ನ ಅವತ್ತೇ ನಿಲ್ಲಿಸಿ ಕಾರ್ಖಾನೆಗೆ ಬರೀತೀನಿ ಅಂದ್ರು. ‘ಆದ್ರೆ ತಮ್ಮನಿಗೆ ಒಂದು ಮಾತೂ ಹೇಳಕೂಡದು. ಹೇಳಿಕೊಟ್ಟ ಉತ್ತರ ನನಗೆ ಬೇಡ.’

‘ಹೇಳಂಗಿಲ್ರೀ ಸರ್,’ ಅಂದ್ಲು ದಾನೇಶ್ವರಿ.

ಭಾನುವಾರಕ್ಕೆ ಆರು ದಿನ ಇತ್ತು. ಆರು ದಿನವೂ ನಾನು ಗಾಡಿಯಲ್ಲಿ ಅವಳ ಕಿವಿ ಕಚ್ಚಿದೆ. ‘ಹೇಳ್ಬಿಡೇ ಹುಚ್ಚಿ. ನಿಜ ಹೇಳಪ್ಪ ಅಂತ ಒಂದು ಮಾತು. ಯಾರಿಗೆ ಗೊತ್ತಾಗುತ್ತೆ?’ ಅವಳು ತಲೆ ಅಲ್ಲಾಡಿಸಿದ್ಲು. ‘ಬ್ಯಾಡ್ರೀ ಅಕ್ಕೋರೆ. ಒಮ್ಮಿಯರೆ ಖರೇದು ಬರ್ಲಿ. ಅಂವಾ ಮನ್ಯಾಗ ಅದಾನ, ಮುಕಾದಮ ಇಲ್ಲ, ಯಾರೂ ಇಲ್ಲ. ಚಂದ್ರಬಾಯಿ ಹೇಳಿದಂಗ ಹೇಳ್ತಾನ.’ ಅಷ್ಟು ನಂಬಿಕೆ ಅವಳಿಗೆ. ಮನೇಲಿ ತಮ್ಮನ ಮುಖ ನೋಡಿದ್ರೆ ಎಲ್ಲಿ ಬಾಯಿಗೆ ಬಂದುಬಿಡುತ್ತೋ ಅಂತ ಹೆದರಿ, ಗೋಡೆ ಕಡೆ ತಿರುಗಿ ರೊಟ್ಟಿ ಬಡೀತಿದ್ಲಂತೆ.

ಭಾನುವಾರ ಪ್ರಕೃತಿಗೆ ದಾರಿ ತೋರಿಸೋಕೆ ಅಂತ ನಾನೂ ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನಿಂದ ಪೂರ್ವಕ್ಕೆ, ಸಾಲು ಕೋಣೆಗಳ ಒಂದು ಚಾಳು, ಅದರ ಕೊನೇ ಕೋಣೆ. ಚಂದವ್ವನನ್ನ ಪಕ್ಕದ ಮನೇಲಿ ಕೂರಿಸಿದ್ರು. ಭೀಮು ಹೊಸ್ತಿಲ ಹತ್ರ ಕೂತಿದ್ದ, ಕಣ್ಣ ಕೆಳಗೆ ಕಪ್ಪು. ‘ನಮ್ಮ ಆಫೀಸಿನ ಮ್ಯಾಡಮ್, ಏನೋ ಕೇಳ್ತಾರಂತ,’ ಅಂತ ಅಷ್ಟೇ ಹೇಳಿ ದಾನೇಶ್ವರಿ ನನ್ನ ಕೈ ಹಿಡ್ಕೊಂಡು ಆಚೆ ತುದಿಯ ನಲ್ಲಿ ಕಟ್ಟೆಗೆ ಬಂದ್ಲು. ಪ್ರಕೃತಿ ಚೀಲದಿಂದ ಫಾರಂ ತೆಗೆದಿದ್ದು ಅಲ್ಲಿಂದಲೇ ಕಾಣಿಸ್ತು. ಭೀಮು ಅದನ್ನೇ ನೋಡಿದ. ಆಮೇಲೆ ನಮ್ಮ ಕಡೆ ಒಂದ್ಸಲ ನೋಡಿದ.

ಮಾತು ಕೇಳಿಸ್ತಿರಲಿಲ್ಲ. ದಾನೇಶ್ವರಿಯ ಉಗುರು ನನ್ನ ಅಂಗೈಗೆ ನಾಟಿತ್ತು. ‘ಇಪ್ಪತ್ತು ದಾಟ್ಲಿ ನನ್ನಪ್ಪ, ಇಪ್ಪತ್ತು ದಾಟ್ಲಿ,’ ಅಂತ ಬಾಯಲ್ಲೇ ಅಂದ್ಕೊಳ್ತಿದ್ಲು. ತಮ್ಮನ ಸಂಕಟ ಜಾಸ್ತಿ ಇರಲಿ ಅಂತ ದೇವರನ್ನ ಬೇಡೋ ಗತಿ ಯಾವ ಅಕ್ಕನಿಗೂ ಬರಬಾರದು.

ಹತ್ತೇ ನಿಮಿಷಕ್ಕೆ ಪ್ರಕೃತಿ ಎದ್ದು ಬಂದ್ಲು. ಫಾರಂ ನನ್ನ ಕೈಗೆ ಕೊಟ್ಲು. ಬೆನ್ನು ನೋವು, ಮೂರು. ಸುಸ್ತು, ಮೂರು. ಮಿಕ್ಕಿದ್ದೆಲ್ಲ ಸೊನ್ನೆ. ಆರು.

ಹಿಂದೆಯೇ ಭೀಮು ಬಂದ. ಮೂರು ತಿಂಗಳಿಂದ ಮನೇಲಿ ಮಾತಾಡದ ಹುಡುಗ ಅಕ್ಕನ ಹತ್ರ ಬಂದು ನಿಂತು ನಕ್ಕ.

‘ಅಕ್ಕಾ, ನಿನ್ನ ಕೆಲಸದ ಚೆಕ್ಕಿಂಗ್ ಅಲ್ಲೇನು ಇದು? ಫಾರಂ ನೋಡಿದ ಕೂಡ್ಲೇ ಗುರ್ತ ಸಿಕ್ತು. ಸಣ್ಣಾಂವ ಇದ್ದಾಗಿಂದ ನೋಡೀನಲ್ಲ, ಎರಡೂ ಸೇಮ್ ಬರ್ಲಿಲ್ಲಂದ್ರ ನಿನ್ನ ನೌಕರಿ ಹೋಗತೈತಿ ಅಂತಿದ್ದಿ. ಟೆನ್ಶನ್ ತಗೋಬ್ಯಾಡ. ಬಿಲ್ಕುಲ್ ಸೇಮ್ ಹೇಳೀನಿ.’

ದಾನೇಶ್ವರಿ ಅಲ್ಲೇ ಒದ್ದೆ ಕಟ್ಟೆ ಮೇಲೆ ಕೂತುಬಿಟ್ಲು. ‘ಸೇಮ್ ಬಂದಾವಿಲ್ಲೋ?’ ಅಂತ ಅವನು ಇನ್ನೊಂದು ಸಲ ಕೇಳಿದ. ‘ಬಂದಾವಪ್ಪ,’ ಅಂದ್ಲು.

ಸೋಮವಾರ ಪ್ರಕೃತಿ ಈ ಮಾತನ್ನೆಲ್ಲ ಬರೆದು ಸರ್ ಮುಂದೆ ಇಟ್ಲು. ಮೂರನೇ ಸಲ ಕೇಳೋಣ ಅಂತ ಜಗಳ ಆಡಿದ್ಲು. ಸರ್ ಗೊಣಗಲಿಲ್ಲ, ಕೂಗಲಿಲ್ಲ. ‘ನಮಗೆ ಬೇಕಾದ ಉತ್ತರ ಬರೋವರೆಗೂ ಕೇಳ್ತಾ ಹೋಗೋದಕ್ಕೆ ಅಳತೆ ಅನ್ನಲ್ಲಮ್ಮ. ಅದು ನಿನಗೇ ಗೊತ್ತು,’ ಅಂದ್ರು. ಕಾರ್ಖಾನೆಗೆ ಉತ್ತರ ಟೈಪ್ ಮಾಡಿದ್ದು ದಾನೇಶ್ವರಿ: ಮರುಪರೀಕ್ಷೆ ಮಾಡಲಾಗಿದೆ, ಅಂಕದಲ್ಲಿ ವ್ಯತ್ಯಾಸವಿಲ್ಲ.

ಅವತ್ತು ಬೆಳಿಗ್ಗೆ ಏಳರ ಪಾಳಿಗೆ ಅವಳೇ ಡಬ್ಬಿ ಕಟ್ಟಿ ತಮ್ಮನನ್ನ ಕಳಿಸಿ ಬಂದಿದ್ಲು. ಟ್ಯಾಂಕು ತೊಳೆಯೋ ದಿನ. ಪ್ರತಿ ಸಲ ಫೋನ್ ರಿಂಗಾದಾಗಲೂ ಅವಳು ಕುರ್ಚಿಯಿಂದ ಏಳ್ತಿದ್ಲು. ನಾನು ಪಕ್ಕದ ಟೇಬಲ್ಲಲ್ಲಿ ಕೂತು ಆ ಎರಡನೇ ಆರನ್ನ ಕಂಪ್ಯೂಟರಿಗೆ ಹಾಕಿದೆ.